ಹಳೆ ಪಕ್ಕಾಸಿನಲ್ಲಿ ಅಕ್ವೇರಿಯಂ ಸ್ಟ್ಯಾಂಡ್ ಮಾಡಬಹುದಾ?

ಪ್ರಶ್ನೆ (ಕುಲಶೇಖರ, ಮಂಗಳೂರು):
ಆಚಾರ್ರೇ, ನಮಸ್ಕಾರ. 4 ಅಡಿಯ ಮೀನಿನ ಟ್ಯಾಂಕ್ ತಂದಿದ್ದೇನೆ. ಉದ್ದ 48 ಇಂಚು, ಅಗಲ 18, ಎತ್ತರ 18. ಅಂಗಡಿಯಲ್ಲಿ ತೋರಿಸಿದ ಸ್ಟ್ಯಾಂಡ್ ಪಾರ್ಟಿಕಲ್ ಬೋರ್ಡಿನದ್ದು, ಕೈಯಲ್ಲಿ ದೂಡಿದರೇ ಅಲ್ಲಾಡುತ್ತದೆ. ಮೂಡುಬಿದಿರೆಯಲ್ಲಿ ಅಜ್ಜನ ಹೆಂಚಿನ ಮನೆ ಕೆಡವಿದಾಗ ಉಳಿದ ಏಳೆಂಟು ಪಕ್ಕಾಸು (ಮಾಡಿನ ಹೆಂಚು ಹೊರುವ ಉದ್ದ ಮರ) ಉಂಟು. 2 ಇಂಚು ದಪ್ಪ, 4 ಇಂಚು ಅಗಲ. ಹೆಬ್ಬಲಸು ಅಂತ ಅಪ್ಪ ಹೇಳುತ್ತಾರೆ. ಅದರಲ್ಲೇ ಮಾಡಬಹುದಾ? ನಾಲ್ಕು ಕಾಲು ನಿಲ್ಲಿಸಿ ಉದ್ದದ ಸ್ಕ್ರೂ ಹೊಡೆದರೆ ಸಾಕಾ? ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚು ಅಂತಲೂ ಅಪ್ಪ ಹೇಳುತ್ತಿದ್ದಾರೆ. ನಮ್ಮದು ಮೂರನೇ ಮಹಡಿಯ ಫ್ಲ್ಯಾಟ್. ಅಮ್ಮನ ಲೆಕ್ಕದಲ್ಲಿ ಇದೆಲ್ಲ ಮರ್ಲು (ಹುಚ್ಚು), ಅದು ಬೇರೆ ವಿಷಯ.

ಆಚಾರ್ರ ಉತ್ತರ:
ಮನೆಯಲ್ಲಿ ಪಕ್ಕಾಸು ಇಟ್ಟುಕೊಂಡು ಅಂಗಡಿಗೆ ಯಾಕೆ ಹೋದದ್ದು ಮಾರಾಯ್ರೆ? ಹೆಂಚಿನಡಿ ಅಷ್ಟು ವರ್ಷ ಕೂತ ಮರ ಇನ್ನು ತಿರುಚುವುದಿಲ್ಲ, ಕುಗ್ಗುವುದಿಲ್ಲ. ಹೊಸ ಮರದಲ್ಲಿ ಆ ಗ್ಯಾರಂಟಿ ನಾನು ಕೊಡುವುದಿಲ್ಲ.

ಆದರೆ ಮೊದಲು ಪರೀಕ್ಷೆ ಮಾಡಿ. ಮಾಡಿನ ಅಂಚಿಗೆ ಬರುವ ತುದಿ ಮಳೆ ಕುಡಿದಿರುತ್ತದೆ. ಅಲ್ಲಿ ಒಂದು ಅಡಿ ಸುಮ್ನೆ ಕತ್ತರಿಸಿ ಬಿಸಾಡಿ. ಉಳಿದದ್ದನ್ನು ಸುತ್ತಿಗೆಯಲ್ಲಿ ಮೆಲ್ಲ ಬಡಿಯುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಒಳಗೆ ಒರಲೆ ತಿಂದಿದೆ. ಸಣ್ಣ ತೂತುಗಳು ಕಂಡರೆ ಅಡಿಗೆ ಪೇಪರ್ ಹಾಸಿ ಒಂದು ವಾರ ಬಿಡಿ. ಹುಡಿ ಬಿದ್ದರೆ ಹುಳ ಇನ್ನೂ ಉಂಟು ಅಂತ ಅರ್ಥ, ಆ ತುಂಡು ಮನೆಯೊಳಗೆ ಬೇಡ. ಮತ್ತೆ ಮೊಳೆ. ರೀಪು (ಹೆಂಚು ಕೂರುವ ಸಪೂರ ಪಟ್ಟಿ) ಹೊಡೆದ ಮೊಳೆಗಳು ತುಕ್ಕು ಹಿಡಿದು ಒಳಗೇ ತುಂಡಾಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ಇದ್ದರೆ ಮರದ ಮೇಲೆ ಎಳೆಯಿರಿ, ಕಚ್ಚಿದ ಕಡೆ ಪೆನ್ಸಿಲ್ ಗುರುತು ಹಾಕಿ. ನನ್ನ ಎರಡು ಬ್ಲೇಡ್ ಹೀಗೇ ಹೋಗಿದೆ.

ಒಂದು ವೇಳೆ ಅದು ಹೆಬ್ಬಲಸು ಅಲ್ಲ, ತೆಂಗು ಅಥವಾ ತಾಳೆ ಅಂತ ಗೊತ್ತಾದರೆ ಬಿಟ್ಟುಬಿಡಿ. ಅದು ಹೊರಗೆ ಕಲ್ಲಿನ ಹಾಗೆ, ಒಳಗೆ ಮೆದು. ಸ್ಕ್ರೂ ಹಿಡಿಯುವುದಿಲ್ಲ.

ಈಗ ಭಾರದ ಲೆಕ್ಕ. ನಿಮ್ಮ ಟ್ಯಾಂಕ್ ತುಂಬಿದರೆ ಸುಮಾರು 255 ಲೀಟರ್, ಅಂದರೆ ನೀರೇ 255 ಕೆಜಿ. ಗಾಜು, ಜಲ್ಲಿ, ಫಿಲ್ಟರ್ ಸೇರಿ 350 ಅಂತ ಇಟ್ಟುಕೊಳ್ಳಿ. 50 ಕೆಜಿಯ ಏಳು ಮೂಟೆ ಸಿಮೆಂಟು ವರ್ಷವಿಡೀ ಇಳಿಯದೆ ಕೂತ ಹಾಗೆ. ಕಾಲಿನ ಬದಿಗೆ ಟ್ಯಾಂಕ್ ಹೊರುವ ಪಟ್ಟಿ ಇಟ್ಟು ಸ್ಕ್ರೂ ಹೊಡೆದರೆ ಈ ಏಳು ಮೂಟೆಯೂ ಎಂಟೋ ಹತ್ತೋ ಸ್ಕ್ರೂವಿನ ಮೇಲೆ ನೇತಾಡುತ್ತದೆ. ಸ್ಕ್ರೂವಿನ ಕೆಲಸ ಮರ ಅತ್ತಿತ್ತ ಹೋಗದ ಹಾಗೆ ಹಿಡಿಯುವುದು, ಅಷ್ಟೇ. ಭಾರ ಮರದಿಂದ ಮರಕ್ಕೆ ಇಳಿದು ನೆಲ ಮುಟ್ಟಬೇಕು.

ನಿಮಗೆ ಉಳಿಯ ಕೆಲಸ ಬರುವುದಿಲ್ಲ ಅಂತ ಇಟ್ಟುಕೊಂಡು ಸುಲಭದ ದಾರಿ ಹೇಳುತ್ತೇನೆ. ಒಂದೊಂದು ಕಾಲಿಗೂ ಎರಡು ತುಂಡು ತೆಗೆದುಕೊಳ್ಳಿ. ಒಂದು ಇನ್ನೊಂದಕ್ಕಿಂತ ಸರಿಯಾಗಿ 4 ಇಂಚು ಗಿಡ್ಡ. ಎರಡನ್ನೂ ನೀರಿಗೆ ಜಗ್ಗದ ಗಮ್ ಹಾಕಿ ಜೋಡಿಸಿದರೆ ತಲೆಯಲ್ಲಿ ಒಂದು ಮೆಟ್ಟಿಲು ಸಿಗುತ್ತದೆ. ಉದ್ದದ ಪಟ್ಟಿ ಆ ಮೆಟ್ಟಿಲ ಮೇಲೆ ಕೂರುತ್ತದೆ. ಈಗ ಸ್ಕ್ರೂ ಹೊಡೆಯಿರಿ, ಬೇಡ ಅನ್ನುವುದಿಲ್ಲ.

ಪಟ್ಟಿಯನ್ನು ಮಲಗಿಸಬೇಡಿ, ನಿಲ್ಲಿಸಿ. ಅದೇ ಮರ, ಅದೇ ಉದ್ದ, ಆದರೆ 4 ಇಂಚು ನಿಂತರೆ ಮಲಗಿದ್ದಕ್ಕಿಂತ ನಾಲ್ಕು ಪಾಲು ಕಡಿಮೆ ಬಗ್ಗುತ್ತದೆ. ಟ್ಯಾಂಕಿನ ಉದ್ದದ ಗಾಜು ಈ ಪಟ್ಟಿಗಳ ನೇರ ಮೇಲೆ ಬರಲಿ. ನಡುವೆ ಮೂರು ಅಡ್ಡ ತುಂಡು ಸಾಕು.

ಸ್ಟ್ಯಾಂಡಿನ ಕಾಲು ಮುರಿಯುವುದಿಲ್ಲ, ಭಯ ಅದಲ್ಲ. ಮಗು ಬಂದು ಒರಗಿದರೆ ಇಡೀ ಸ್ಟ್ಯಾಂಡ್ ಬದಿಗೆ ವಾಲುತ್ತದಲ್ಲ, ಭಯ ಅದು. ಹಿಂದೆ ಪೂರ್ತಿ ಮತ್ತು ಎರಡು ಬದಿಗೆ 12 ಎಂಎಂ ಪ್ಲೈವುಡ್ ಹೊಡೆಯಿರಿ. ಮೇಲೆ 18 ಎಂಎಂ. ಪ್ಲೈ ಮೇಲೆ ಐಎಸ್ 710 (ನೀರು ತಡೆಯುವ ಮರೈನ್ ಪ್ಲೈ) ಅಂತ ಸೀಲ್ ನೋಡಿಯೇ ತೆಗೆದುಕೊಳ್ಳಿ. ಕಮರ್ಷಿಯಲ್ ಪ್ಲೈ ನಮ್ಮ ಮಳೆಗಾಲಕ್ಕೂ ಟ್ಯಾಂಕಿನ ನೀರಿಗೂ ಆಗುವುದಿಲ್ಲ. ಪಾರ್ಟಿಕಲ್ ಬೋರ್ಡ್ ಅಂತೂ ಚಹಾಕ್ಕೆ ಅದ್ದಿದ ರಸ್ಕ್.

ಗೇರುಬೀಜದ ಎಣ್ಣೆ ವಿಷಯದಲ್ಲಿ ಅಪ್ಪ ಹೇಳಿದ್ದು ಸುಳ್ಳಲ್ಲ. ದೋಣಿಗೆಲ್ಲ ಅದನ್ನೇ ಹಚ್ಚುತ್ತಿದ್ದರು. ಆದರೆ ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಬೇಗ ಒಣಗುವುದಿಲ್ಲ, ಫ್ಲ್ಯಾಟಿನೊಳಗೆ ವಾಸನೆ ಬೇರೆ. ಪಾಲಿಯುರೆಥೇನ್ ವಾರ್ನಿಷ್ ಮೂರು ಕೋಟ್ ಹೊಡೆಯಿರಿ. ಕಾಲಿನ ಅಡಿಗೆ ಮಾತ್ರ ಐದಾರು ಸಲ ಕುಡಿಸಿ. ನೆಲ ಒರೆಸಿದ ನೀರು ಅಲ್ಲಿಂದಲೇ ಮೇಲೆ ಏರುವುದು.

ಮೂರನೇ ಮಹಡಿ ಅಂದಿರಲ್ಲ, ಹಾಲಿನ ನಡುವೆ ಇಡಬೇಡಿ, ಅಡಿಯಲ್ಲಿ ಬೀಮ್ ಇರುವ ಗೋಡೆಗೆ ತಾಗಿಸಿ ಇಡಿ. ಬಾಲ್ಕನಿಯ ಆಸೆ ಬಿಡಿ.

ಮಲ್ಪೆಯಿಂದ ಇನ್ನೊಬ್ಬರು:
ಆಚಾರ್ರೇ, ಇಷ್ಟೆಲ್ಲ ತಾಪತ್ರಯ ಯಾಕೆ? ಕಬ್ಬಿಣದ ಚೌಕ ಪೈಪ್ ವೆಲ್ಡಿಂಗ್ ಮಾಡಿಸಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಅಲ್ವಾ?

ಆಚಾರ್ರ ಉತ್ತರ:
ಮುಗಿಯುತ್ತದೆ. ಮಲ್ಪೆಯ ಉಪ್ಪು ಗಾಳಿಗೆ ಬೇಗ ಅದೂ ಮುಗಿಯುತ್ತದೆ. ಪೈಪಿನ ತುಕ್ಕು ಒಳಗಿನಿಂದ ಬರುವುದು, ಹೊರಗೆ ಪೇಂಟ್ ಚಂದವೇ ಇರುತ್ತದೆ. ಮಾಡಿಸುವುದಾದರೆ ಪೈಪಿನ ಬಾಯಿ ಎಲ್ಲ ವೆಲ್ಡ್ ಹಾಕಿ ಮುಚ್ಚಿಸಿ. ಮರದ್ದಾದರೂ ನಿಮ್ಮಲ್ಲಿ ಮಾಮೂಲಿ ಸ್ಕ್ರೂ ಬೇಡ, 304 ಸ್ಟೇನ್‌ಲೆಸ್ ತೆಗೆದುಕೊಳ್ಳಿ.

ಹಾಗಂತ ಮರ ಅಂದ ಕೂಡಲೇ ಎಲ್ಲ ಸರಿ ಅಂತಲೂ ಅಲ್ಲ. ನಾನೇ ಒಮ್ಮೆ ಆಟಿಯ ಮಳೆ ತಿಂಗಳಲ್ಲಿ, ಗಿರಾಕಿಯ ಅವಸರಕ್ಕೆ, ಹಸಿ ಮಾವಿನ ಹಲಗೆಯಲ್ಲಿ ಸ್ಟ್ಯಾಂಡ್ ಮಾಡಿಕೊಟ್ಟೆ. ಮಾರ್ಚಿನ ಸೆಕೆಗೆ ಮರ ಒಣಗಿ ಒಂದು ಮೂಲೆ ರಟ್ಟಿನಷ್ಟು ಕುಗ್ಗಿತು. ನೋಡಿದರೆ ಗೊತ್ತೂ ಆಗುತ್ತಿರಲಿಲ್ಲ. ರಾತ್ರಿ ಅಡಿಯ ಗಾಜು ಸೀಳಿತು. ಬೆಳಿಗ್ಗೆ ಫೋನ್ ಬಂದಾಗ ಅವರ ಸೋಫಾದಡಿಯಲ್ಲಿ ಮೀನು ಹುಡುಕುತ್ತಿದ್ದರು. ಹೊಸ ಸ್ಟ್ಯಾಂಡ್, ಹೊಸ ಗಾಜು ಎರಡೂ ನನ್ನ ಕೈಯಿಂದ ಹೋಯಿತು.

ಕುಲಶೇಖರದವರು, ಮೂರು ವಾರದ ನಂತರ:
ಆಚಾರ್ರೇ, ಆಯಿತು! ಪಕ್ಕಾಸಿನಲ್ಲಿ ಒಂದು ಮಾತ್ರ ಡಬ್ ಅಂತು, ಅದನ್ನು ಬಿಟ್ಟೆ. ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ನಡುವೆ ನಿಲ್ಲುವುದಿಲ್ಲ. ಹಾಲಿನ ಟೈಲ್ಸೇ ಬಾಲ್ಕನಿ ಕಡೆಗೆ ಇಳಿಜಾರು. ಟ್ಯಾಂಕಿನ ಅಡಿಗೆ ಒಂದು ಬದಿ ರಟ್ಟು ಕೊಡಲಾ?

ಆಚಾರ್ರ ಉತ್ತರ:
ಟ್ಯಾಂಕಿನ ಅಡಿಗೆ ಏನನ್ನೂ ಸಿಕ್ಕಿಸಬೇಡಿ! ಒಂದೇ ಜಾಗದಲ್ಲಿ ಒತ್ತಿದರೆ ಗಾಜು ಹೋಗುತ್ತದೆ. ಕಾಲಿನ ಅಡಿಗೆ ಕೊಡಿ. ಅದೂ ರಟ್ಟಲ್ಲ, ಪಿವಿಸಿ ಶೀಟಿನ ತುಂಡು, ಕಾಲಿನಷ್ಟೇ ಅಗಲ. ಉದ್ದಕ್ಕೂ ಅಗಲಕ್ಕೂ ಮಟ್ಟ ಸರಿಯಾದ ಮೇಲೆ ಮೇಲಿನ ಪ್ಲೈಗೆ ಪೂರ್ತಿ ಥರ್ಮೋಕೋಲ್ ಹಾಸಿ. ನಿಮ್ಮ ಟ್ಯಾಂಕಿಗೆ ಅಡಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟು ಇದ್ದರೆ ಥರ್ಮೋಕೋಲ್ ಬೇಡ, ಗಾಜೇ ಕೂರುವುದಾದರೆ ಮಾತ್ರ.

ಮತ್ತೆ ಮೀನು ಬಿಡುವ ಮೊದಲು ಇದೊಂದು ಮಾಡಿ. ಮುಂದಿನ ಪಟ್ಟಿಯ ಅಡಿಯಲ್ಲಿ ಒಂದು ಕಾಲಿನಿಂದ ಇನ್ನೊಂದಕ್ಕೆ ನೂಲು ಬಿಗಿಯಾಗಿ ಕಟ್ಟಿ, ಪಟ್ಟಿಗೂ ನೂಲಿಗೂ ನಡುವೆ 5 ಎಂಎಂ ಬಿಡಿ. ಅರ್ಧ ನೀರು ತುಂಬಿಸಿ ಒಂದು ರಾತ್ರಿ, ಪೂರ್ತಿ ತುಂಬಿಸಿ ಎರಡು ದಿನ. ಆಮೇಲೆ ನಡುವಿನಲ್ಲಿ ಸ್ಕೇಲ್ ಇಟ್ಟು ಅಳೆಯಿರಿ. 4 ಎಂಎಂ ಉಳಿದಿದ್ದರೆ ಮೀನು ತನ್ನಿ. 3 ಅಥವಾ ಅದಕ್ಕಿಂತ ಕಡಿಮೆ ಆದರೆ ನೀರು ಖಾಲಿ ಮಾಡಿ ನಡುವಿಗೊಂದು ಕಾಲು ಕೊಡಿ, ಫೋಟೋ ಇಲ್ಲಿ ಹಾಕಿ, ನೋಡುತ್ತೇನೆ.