ಸಂಪರ್ಕ ಪತ್ತೆ ಆ್ಯಪ್: ಸಮೀಕ್ಷೆಯಲ್ಲಿ ಹೂಂ ಎಂದವರು ಫೋನಿನಲ್ಲಿ ಏಕೆ ಹಾಕಿಕೊಳ್ಳಲಿಲ್ಲ?

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ)

ಕೋವಿಡ್ ಕಾಲದಲ್ಲಿ ಸೋಂಕಿತರ ಹತ್ತಿರ ಇದ್ದವರಿಗೆ ಫೋನಿನಲ್ಲೇ ಎಚ್ಚರಿಕೆ ಕೊಡುತ್ತಿದ್ದ ಸಂಪರ್ಕ ಪತ್ತೆ ಆ್ಯಪ್‌ಗಳ ಬಗೆಗಿನ ಜನಾಭಿಪ್ರಾಯವನ್ನು ಕುರಿತು ಪ್ರಬಂಧ ಬರೆಯುತ್ತಿದ್ದೇನೆ. 2020ರ ಆರಂಭದ ತಿಂಗಳುಗಳ ಸಮೀಕ್ಷೆಗಳನ್ನು ನೋಡಿದರೆ, ಹಲವು ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂಥ ಆ್ಯಪ್ ಬಂದರೆ ಹಾಕಿಕೊಳ್ಳುವುದಾಗಿ ಹೇಳಿದ್ದರು. ಆದರೆ ಆ್ಯಪ್ ಬಂದ ಮೇಲೆ ಅನೇಕ ಕಡೆ ಬಳಕೆ ಆ ಮಟ್ಟದ ಹತ್ತಿರಕ್ಕೂ ಹೋಗಲಿಲ್ಲ. ಖಾಸಗಿತನದ ಭಯವೇ ಇದಕ್ಕೆ ಕಾರಣ ಎನ್ನುತ್ತಾರೆ ನನ್ನ ಮಾರ್ಗದರ್ಶಕರು. ದಿನವಿಡೀ ನಕ್ಷೆಯ ಆ್ಯಪ್‌ಗೆ ತಾವಿರುವ ಜಾಗವನ್ನು ಒಪ್ಪಿಸುವವರೇ ಇದಕ್ಕೆ ಮಾತ್ರ ಹಿಂಜರಿದರು ಎಂಬುದು ನನಗೇಕೋ ಒಪ್ಪಿಗೆಯಾಗುತ್ತಿಲ್ಲ. ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ 1 (ತಂತ್ರಾಂಶ ಉದ್ಯೋಗಿ)

ನಕ್ಷೆಯ ಹೋಲಿಕೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ನಕ್ಷೆಗೆ ಜಾಗ ತಿಳಿಸಿದರೆ ಕೂಡಲೇ ದಾರಿ ಸಿಗುತ್ತದೆ. ಈ ಆ್ಯಪ್‌ನಲ್ಲಿ ತೊಂದರೆ ನಮ್ಮದು, ಲಾಭ ಬಹುಪಾಲು ಬೇರೆಯವರದು. ವಿಚಿತ್ರವೆಂದರೆ, 2020ರ ಮೇ ತಿಂಗಳಲ್ಲಿ ಆ್ಯಪಲ್ ಮತ್ತು ಗೂಗಲ್ ಕೂಡಿ ಹೊರತಂದ ವ್ಯವಸ್ಥೆಯಲ್ಲಿ ಜಾಗದ ದಾಖಲೆಯೇ ಇರಲಿಲ್ಲ. ಫೋನು ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುವ ಗುರುತಿನ ಅಂಕಿಯೊಂದನ್ನು ಬ್ಲೂಟೂತ್ ಮೂಲಕ ಬಿತ್ತರಿಸುತ್ತಿತ್ತು, ಸುತ್ತಲಿನ ಫೋನುಗಳು ಅದನ್ನು ಬರೆದಿಟ್ಟುಕೊಳ್ಳುತ್ತಿದ್ದವು, ಸೋಂಕು ಖಚಿತವಾದವರು ಒಪ್ಪಿದರೆ ಮಾತ್ರ ಅವರ ಫೋನಿನ ಆ ಅಂಕಿಗಳನ್ನು ಹುಟ್ಟಿಸುವ ಕೀಲಿಗಳು ಸರ್ವರ್‌ಗೆ ಹೋಗುತ್ತಿದ್ದವು, ತಾಳೆ ನೋಡುವ ಕೆಲಸ ಅವರವರ ಫೋನಿನೊಳಗೇ ನಡೆಯುತ್ತಿತ್ತು. ಜರ್ಮನಿ ಇದನ್ನೇ ಆರಿಸಿಕೊಂಡಿತು. ಫ್ರಾನ್ಸ್ ಆ ತಾಳೆಯನ್ನು ಒಂದೇ ಕಡೆ ನೋಡುವ ಕೇಂದ್ರ ಸರ್ವರ್‌ನ ದಾರಿ ಹಿಡಿಯಿತು.

ಆದರೆ ಆಗಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಲೂಟೂತ್ ಸ್ಕ್ಯಾನ್ ನಡೆಯಬೇಕಾದರೆ ಲೊಕೇಶನ್ ಆನ್ ಆಗಿರಲೇಬೇಕಿತ್ತು. ನೀವಿರುವ ಜಾಗವನ್ನು ನಾವು ನೋಡುವುದಿಲ್ಲ ಎಂದು ಹೇಳಿದ ಬೆನ್ನಿಗೇ ಲೊಕೇಶನ್ ಆನ್ ಮಾಡಿ ಎಂದು ಫೋನು ಕೇಳಿದರೆ ನಂಬುವವರು ಯಾರು? ನಮ್ಮ ತಂದೆಯವರಿಗೆ ಇದನ್ನು ವಿವರಿಸಲು ಕುಳಿತು ಅರ್ಧ ಗಂಟೆಯ ನಂತರ ನಾನೇ ಕೈಚೆಲ್ಲಿದೆ.

ಉತ್ತರ 2 (ಕಾನೂನು ಓದಿದವರು)

ಇಳಿಸಿಕೊಂಡವರ ಸಂಖ್ಯೆಯನ್ನು ಅಭಿಪ್ರಾಯವೆಂದು ಎಣಿಸಬೇಡಿ. ಭಾರತದ ಆರೋಗ್ಯ ಸೇತು 2020ರ ಏಪ್ರಿಲ್ 2ರಂದು ಬಂದು ಸುಮಾರು 40 ದಿನಗಳಲ್ಲಿ 10 ಕೋಟಿ ದಾಟಿತು. ಅದೇ ಮೇ ತಿಂಗಳ ಮೊದಲಲ್ಲಿ ಕಚೇರಿ ನೌಕರರಿಗೆ ಅದನ್ನು ಕಡ್ಡಾಯ ಮಾಡಿ, ಎರಡು ವಾರಗಳಲ್ಲಿ ಆ ಮಾತನ್ನು ಸಡಿಲಿಸಲಾಯಿತು. ಆ 10 ಕೋಟಿಯಲ್ಲಿ ಮನಸಾರೆ ಒಪ್ಪಿದವರೆಷ್ಟು, ಕೆಲಸಕ್ಕಾಗಿ ಹಾಕಿಕೊಂಡವರೆಷ್ಟು ಎಂದು ಆ ಅಂಕಿಯಿಂದ ಬೇರ್ಪಡಿಸಲು ಬರುವುದಿಲ್ಲ.

ಸಿಂಗಪುರದ ಟ್ರೇಸ್‌ಟುಗೆದರ್ ಇನ್ನೂ ಒಳ್ಳೆಯ ಉದಾಹರಣೆ. ಮಾಹಿತಿ ಸಂಪರ್ಕ ಪತ್ತೆಗೆ ಮಾತ್ರ ಎಂದು ಮೊದಲು ಹೇಳಿದ್ದ ಸರ್ಕಾರ, ಅಪರಾಧ ತನಿಖೆಗೆ ಪೊಲೀಸರೂ ಅದನ್ನು ಪಡೆಯಬಹುದೆಂದು 2021ರ ಜನವರಿಯಲ್ಲಿ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಜನರ ಸಿಟ್ಟು ಕಂಡು ಮರುತಿಂಗಳೇ ಏಳು ಬಗೆಯ ಗಂಭೀರ ಅಪರಾಧಗಳಿಗಷ್ಟೇ ಅದನ್ನು ಸೀಮಿತಗೊಳಿಸುವ ಕಾನೂನು ಬಂತು. ಅಷ್ಟರಲ್ಲಿ ಬಹುಪಾಲು ಜನ ಅದನ್ನು ಬಳಸುತ್ತಿದ್ದರು. ಅಂದರೆ ನಂಬಿಕೆ ಕುಸಿದರೂ ಬಳಕೆ ನಿಲ್ಲದಿರಬಹುದು, ಮತ್ತು ನಿಮ್ಮ ಪ್ರಬಂಧ ಇವೆರಡನ್ನೂ ಒಂದೇ ಎಂದು ಎಣಿಸಿದರೆ ದಾರಿ ತಪ್ಪುತ್ತದೆ.

ಉತ್ತರ 3 (ಫೋನಿನಲ್ಲಿ ಸಂಪರ್ಕ ಪತ್ತೆ ಮಾಡಿದವರು)

ನಾನು ತಿಂಗಳುಗಟ್ಟಲೆ ಸೋಂಕಿತರ ಸಂಪರ್ಕಿತರಿಗೆ ಕರೆ ಮಾಡುವ ಕೆಲಸದಲ್ಲಿದ್ದೆ. ನನ್ನ ಮಾಹಿತಿ ಯಾರ ಕೈಸೇರುತ್ತದೆ ಎಂದು ಕೇಳಿದವರು ಬೆರಳೆಣಿಕೆಯಷ್ಟು. ಎಷ್ಟು ದಿನ ಮನೆಯಲ್ಲಿರಬೇಕು, ಆ ದಿನಗಳ ಸಂಬಳ ಕೊಡುವವರು ಯಾರು ಎಂಬುದೇ ಪ್ರತಿಯೊಬ್ಬರ ಮೊದಲ ಮಾತು. ನಾನಾದರೆ ಅರೆಬರೆ ಉತ್ತರವನ್ನಾದರೂ ಕೊಡುತ್ತಿದ್ದೆ. ಆ್ಯಪ್‌ನಿಂದ ಬರುವ ಎಚ್ಚರಿಕೆಗೆ ಮರುಪ್ರಶ್ನೆ ಹಾಕಲು ಸಾಧ್ಯವಿಲ್ಲ, ಸಂಪರ್ಕವಾದದ್ದು ಯಾರೊಂದಿಗೆ ಎಂದು ಅದು ಹೇಳುವುದೂ ಇಲ್ಲ.

2021ರ ಜುಲೈಯಲ್ಲಿ ಇಂಗ್ಲೆಂಡ್‌ನಲ್ಲಿ ಅಲ್ಲಿನ ಆ್ಯಪ್ ಮೂಲಕ ಒಂದೇ ವಾರದಲ್ಲಿ, ಮನೆಯಲ್ಲೇ ಉಳಿಯಿರಿ ಎನ್ನುವ 6 ಲಕ್ಷಕ್ಕೂ ಹೆಚ್ಚು ಎಚ್ಚರಿಕೆಗಳು ಹೋದವು. ಕೆಲಸಗಾರರಿಲ್ಲವೆಂದು ಉದ್ಯಮಗಳು ಗೋಳಾಡಿದವು, ಅನೇಕರು ಆ್ಯಪ್ ಅನ್ನೇ ಅಳಿಸಿಹಾಕಿದರು. ಕಡೆಗೆ ಲಕ್ಷಣಗಳಿಲ್ಲದ ಸೋಂಕಿತರ ವಿಷಯದಲ್ಲಿ ಹಿಂದಿನ ಐದು ದಿನಗಳ ಬದಲು ಎರಡು ದಿನಗಳ ಸಂಪರ್ಕವನ್ನಷ್ಟೇ ನೋಡುವಂತೆ ಅದನ್ನು ಬದಲಾಯಿಸಲಾಯಿತು. ಆದರೂ ಆ ಆ್ಯಪ್ ದಂಡವಾಯಿತೆಂದು ನಾನು ಹೇಳಲಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು ಶೇ 28ರಷ್ಟು ಜನ ಬಳಸುತ್ತಿದ್ದಾಗಲೇ ಅದು ಲಕ್ಷಾಂತರ ಸೋಂಕುಗಳನ್ನು ತಡೆದಿರಬೇಕೆಂದು 2021ರ ಅಧ್ಯಯನವೊಂದು ಅಂದಾಜಿಸಿತ್ತು. ಶೇ 60ರಷ್ಟು ಜನ ಬಳಸದಿದ್ದರೆ ಪ್ರಯೋಜನವೇ ಇಲ್ಲ ಎಂಬ ಮಾತು 2020ರಲ್ಲಿ ಎಲ್ಲೆಡೆ ಹಬ್ಬಿತ್ತಲ್ಲ, ಅದು ಆಕ್ಸ್‌ಫರ್ಡ್ ಸಂಶೋಧಕರ ಲೆಕ್ಕವನ್ನು ತಪ್ಪಾಗಿ ಓದಿದ್ದರ ಫಲ. ಕಡಿಮೆ ಬಳಕೆಯಿಂದಲೂ ಲಾಭವಿದೆ ಎಂದೇ ಅವರು ಹೇಳಿದ್ದರು. ಬೇರೆಯವರೇ ಹಾಕಿಕೊಳ್ಳದ ಮೇಲೆ ನನಗೇಕೆ ಎಂದು ಸುಮ್ಮನಾದವರನ್ನು ಯಾವ ಸಮೀಕ್ಷೆ ಲೆಕ್ಕ ಹಾಕಿದೆಯೋ ನೋಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಈಗ ನನ್ನಲ್ಲಿರುವ ಪ್ರಶ್ನಾವಳಿಗಳನ್ನು ಮತ್ತೆ ತೆರೆದು ನೋಡಿದೆ. ಒಂಬತ್ತರಲ್ಲಿ ಏಳು, ಆ್ಯಪ್ ಹಾಕಿಕೊಳ್ಳುತ್ತೀರಾ ಎಂದಷ್ಟೇ ಕೇಳಿವೆ. ಎಚ್ಚರಿಕೆ ಬಂದರೆ ಮನೆಯಲ್ಲಿ ಉಳಿಯಲು ನಿಮಗೆ ಸಾಧ್ಯವೇ ಎಂದು ಕೇಳಿರುವುದು ಎರಡೇ. ಆ ಎರಡರಿಂದ ಮೊದಲು ಮಾಡುತ್ತೇನೆ.