ಕಣಾದರ ಪರಮಾಣುವೂ ಡಾಲ್ಟನ್ ಪರಮಾಣುವೂ ಒಂದೇನಾ?

ಪ್ರಶ್ನೆ: ನಮಸ್ಕಾರ. ಡಾಲ್ಟನ್‌ಗಿಂತ ಬಹಳ ಮೊದಲೇ ಕಣಾದರು ಪರಮಾಣುವಿನ ಮಾತಾಡಿದ್ದರು ಎಂದು ಹೈಸ್ಕೂಲ್ ಮಕ್ಕಳಿಗೆ ಹೇಳಬಹುದೇ? ದ್ವ್ಯಣುಕ ಎಂದರೆ ಇಂದಿನ ಮಾಲಿಕ್ಯೂಲ್ ಎಂದೂ ಓದಿದೆ.

ಉತ್ತರ (ದರ್ಶನಶಾಸ್ತ್ರ): ಮೊದಲನೆಯದನ್ನು ಧಾರಾಳವಾಗಿ ಹೇಳಿ ಮೇಡಂ, ಎರಡನೆಯದು ಬೇಡ. ವೈಶೇಷಿಕರ, ಅಂದರೆ ಕಣಾದರ ದರ್ಶನವನ್ನು ಅನುಸರಿಸಿದವರ, ಲೆಕ್ಕದಲ್ಲಿ ಎರಡು ಪರಮಾಣು ಕೂಡಿದರೆ ದ್ವ್ಯಣುಕ, ಮೂರು ದ್ವ್ಯಣುಕ ಕೂಡಿದರೆ ತ್ರ್ಯಣುಕ. ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ಈ ತ್ರ್ಯಣುಕ. ಅದರ ಆರನೇ ಒಂದು ಪಾಲು ಪರಮಾಣು. ಇಂದಿನ ಅಳತೆಯಲ್ಲಿ 10 ಮೈಕ್ರೋಮೀಟರ್ ಧೂಳಿನ ಅಡ್ಡಕ್ಕೆ ಸುಮಾರು ಒಂದು ಲಕ್ಷ ಪರಮಾಣು ಸಾಲಾಗಿ ಕೂರುತ್ತವೆ. ವೈಶೇಷಿಕರಲ್ಲಿ ಪರಮಾಣುಗಳು ಪೃಥ್ವಿ, ಅಪ್ (ನೀರು), ತೇಜಸ್ಸು (ಬೆಂಕಿ), ವಾಯು ಎಂದು ನಾಲ್ಕೇ ಬಗೆ. ದ್ವ್ಯಣುಕದಲ್ಲಿ ಕೂಡುವ ಎರಡೂ ಒಂದೇ ಬಗೆಯವಾಗಿರಬೇಕು. ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಾಗುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಮರುಪ್ರಶ್ನೆ: ಹಾಗಾದರೆ ಅದು ಬರೀ ಊಹೆಯೇ ಸರ್?

ಉತ್ತರ: ಖಂಡಿತ ಅಲ್ಲ, ಗಟ್ಟಿ ತರ್ಕ. ಒಡೆಯುವುದಕ್ಕೆ ಕೊನೆಯೇ ಇಲ್ಲದಿದ್ದರೆ ಮೇರುವಿಗೂ ಸಾಸಿವೆಗೂ ಅನಂತ ಭಾಗಗಳು. ಎರಡೂ ಒಂದೇ ಗಾತ್ರ ಆಗಬೇಕಾಗುತ್ತದೆ. ಕಣ್ಣೆದುರಿನ ಬದಲಾವಣೆಗಳನ್ನೂ ಅವರು ಬಿಡಲಿಲ್ಲ. ಹಸಿ ಮಡಕೆ ಆವಿಗೆಯಲ್ಲಿ ಕೆಂಪಾಗುವುದು ಹೇಗೆ? ಬೆಂಕಿ ಮಡಕೆಯನ್ನು ಪರಮಾಣುಗಳವರೆಗೆ ಬಿಡಿಸುತ್ತದೆ, ಬಣ್ಣ ಅಲ್ಲಿ ಬದಲಾಗುತ್ತದೆ, ಮತ್ತೆ ಅವು ಕೂಡುತ್ತವೆ ಎಂದರು ವೈಶೇಷಿಕರು. ಇದು ಪೀಲುಪಾಕ. ಹಾಗಾದರೆ ‘ಇದು ಅದೇ ಮಡಕೆ’ ಎಂದು ಗುರುತು ಹಿಡಿಯುವುದು ಹೇಗೆ ಎಂದು ನ್ಯಾಯದರ್ಶನದವರಾದ ನೈಯಾಯಿಕರು ಹಿಡಿದು ಕೇಳಿದರು. ಮಡಕೆ ಒಡೆಯುವುದಿಲ್ಲ, ಬೆಂಕಿ ಸಣ್ಣ ರಂಧ್ರಗಳಿಂದ ಒಳಹೋಗಿ ಇಡೀ ಮಡಕೆಯನ್ನೇ ಬೇಯಿಸುತ್ತದೆ ಎಂಬುದು ಅವರ ಪಿಠರಪಾಕ. ತರಗತಿಯಲ್ಲಿ ಚರ್ಚೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ಉತ್ತರ (ರಸಾಯನಶಾಸ್ತ್ರ): ಇದಕ್ಕೊಂದು ಸೇರಿಸುತ್ತೇನೆ. ಡಾಲ್ಟನ್ ತಂದದ್ದು ತೂಕ. 3 ಗ್ರಾಂ ಇಂಗಾಲ 4 ಗ್ರಾಂ ಆಕ್ಸಿಜನ್ ಜೊತೆ ಕೂಡಿದರೆ ಕಾರ್ಬನ್ ಮೊನಾಕ್ಸೈಡ್, 8 ಗ್ರಾಂ ಜೊತೆ ಕೂಡಿದರೆ ಕಾರ್ಬನ್ ಡೈಆಕ್ಸೈಡ್. ನಡುವಿನ ಐದೂವರೆ ಗ್ರಾಂ ಹಾಕಿದರೆ ಮೂರನೆಯ ಅನಿಲ ಹುಟ್ಟುವುದಿಲ್ಲ, ಇವೆರಡರ ಮಿಶ್ರಣ ಸಿಗುತ್ತದೆ. ಬಿಡಿ ಕಣಗಳಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಆದರೆ ನೀರಿನಲ್ಲಿ ಒಂದು ಹೈಡ್ರೋಜನ್‌ಗೆ ಒಂದೇ ಆಕ್ಸಿಜನ್ ಎಂದು ಡಾಲ್ಟನ್ ಭಾವಿಸಿದ್ದರಿಂದ, ಅಂದಿನ ಅಳತೆಯೂ ನಿಖರವಾಗಿಲ್ಲದ್ದರಿಂದ, 1808ರ ಪುಸ್ತಕದಲ್ಲಿ ಆಕ್ಸಿಜನ್ ತೂಕ (ಹೈಡ್ರೋಜನ್ 1 ಎಂದಿಟ್ಟರೆ) 16ರ ಬದಲು 7 ಎಂದು ಬಂತು. ತಿದ್ದುವ ದಾರಿಯನ್ನು ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲೇ ತೋರಿಸಿದ್ದರು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಇಟಲಿಯ ರಸಾಯನಶಾಸ್ತ್ರಜ್ಞ ಕನಿಜ಼ಾರೊ ಎತ್ತಿ ಹೇಳಿದ ಮೇಲಷ್ಟೇ ರಸಾಯನಶಾಸ್ತ್ರಜ್ಞರು ಕಿವಿಗೊಟ್ಟರು.