ಸಿಟ್ಟು ಇಳಿದರೂ ಅಹಂಕಾರ ಇಳಿಯುತ್ತಿಲ್ಲ: ಅನುಭವಸ್ಥರ ಉತ್ತರಗಳು

ಪ್ರಶ್ನೆ: ಸಭೆಯೊಂದರಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ನನ್ನ ವರದಿಯಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿದಾಗ, ಎಲ್ಲರ ಎದುರು ಅವರ ಮೇಲೆ ಕೂಗಾಡಿಬಿಟ್ಟೆ. ಸಿಟ್ಟು ಸಂಜೆಯ ಹೊತ್ತಿಗೆ ಇಳಿಯಿತು. ಆದರೆ ನಾನಾಗಿ ಹೋಗಿ ಅವರನ್ನು ಮಾತನಾಡಿಸಲು ಮನಸ್ಸು ಒಪ್ಪುತ್ತಿಲ್ಲ. ಸಿಟ್ಟು, ಅಹಂಕಾರ ಎರಡನ್ನೂ ಹತೋಟಿಗೆ ತಂದುಕೊಂಡವರು ದಯವಿಟ್ಟು ದಾರಿ ತೋರಿಸಿ.

ತಂಡವೊಂದನ್ನು ನಡೆಸುವವರ ಉತ್ತರ: ತಪ್ಪು ತೋರಿಸಿದವರು ಕಿರಿಯರು ಎಂಬುದನ್ನು ನೀವು ಮರೆಯದೆ ಬರೆದಿದ್ದೀರಿ; ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನೆಯ ಬೇರು ಅಲ್ಲಿಯೇ ಇದೆ. ಅದೇ ಮಾತನ್ನು ಮೇಲಧಿಕಾರಿಗಳು ಹೇಳಿದ್ದರೆ ನೀವು ಕೂಗುತ್ತಿದ್ದಿರೇ ಎಂದು ಒಮ್ಮೆ ಕೇಳಿಕೊಳ್ಳಿ. ಇಲ್ಲವೆಂದಾದರೆ, ಸಿಟ್ಟನ್ನು ತಡೆಯುವ ಶಕ್ತಿ ನಿಮ್ಮಲ್ಲಿ ಮೊದಲೇ ಇದೆ, ಯಾರ ಎದುರು ಅದನ್ನು ಬಳಸಬೇಕಾಗಿಲ್ಲ ಎಂಬುದನ್ನು ಮಾತ್ರ ಅಹಂಕಾರ ತೀರ್ಮಾನಿಸುತ್ತಿದೆ ಎಂದರ್ಥ. ಇದನ್ನು ಕಂಡುಕೊಂಡ ಮೇಲೆ ನಾನು ಒಂದು ಅಭ್ಯಾಸ ಇಟ್ಟುಕೊಂಡೆ: ಕಿರಿಯರು ಆಕ್ಷೇಪಿಸಿದಾಗ ಉತ್ತರ ಕೊಡುವ ಮೊದಲು ಅವರ ಆಕ್ಷೇಪವನ್ನು ನನ್ನದೇ ಮಾತಿನಲ್ಲಿ ಹೇಳಿ, ‘ನೀವು ಹೇಳುತ್ತಿರುವುದು ಇದೇ ತಾನೇ?’ ಎಂದು ಕೇಳುತ್ತೇನೆ. ಅಷ್ಟರಲ್ಲಿ ಮೊದಲ ಬಿಸಿ ಆರುತ್ತದೆ. ಎಷ್ಟೋ ಸಲ ಅವರು ಹೇಳಿದ್ದು ನನ್ನ ಕೆಲಸದ ಬಗ್ಗೆಯೇ ಹೊರತು ನನ್ನ ಬಗ್ಗೆ ಅಲ್ಲ ಎಂಬುದೂ ತಿಳಿಯುತ್ತದೆ.

ಆಪ್ತಸಮಾಲೋಚಕರೊಬ್ಬರ ಉತ್ತರ: ಸಿಟ್ಟನ್ನು ಹೊರಗೆ ಹಾಕಿದರೆ ಹಗುರಾಗುತ್ತದೆ, ದಿಂಬಿಗೆ ಗುದ್ದಿ, ಬಾಗಿಲು ಹಾಕಿಕೊಂಡು ಕೂಗಿ ಎಂಬ ಸಲಹೆಯನ್ನು ದಯವಿಟ್ಟು ನಂಬಬೇಡಿ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಸಿಟ್ಟು ಸುಮ್ಮನೆ ಕುಳಿತವರ ಸಿಟ್ಟಿಗಿಂತ ಹೆಚ್ಚಾಗಿತ್ತು. 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2024ರ ವಿಶ್ಲೇಷಣೆಯೂ ಇದೇ ದಿಕ್ಕಿನಲ್ಲಿದೆ: ನಿಧಾನವಾದ ಉಸಿರಾಟ, ಧ್ಯಾನ, ಸ್ನಾಯುಗಳನ್ನು ಸಡಿಲಗೊಳಿಸುವುದು ಮುಂತಾಗಿ ದೇಹದ ಉದ್ರೇಕವನ್ನು ತಗ್ಗಿಸುವ ಕ್ರಮಗಳು ಸಿಟ್ಟನ್ನು ಇಳಿಸುತ್ತವೆ, ಜೋರಾಗಿ ಓಡುವಂತಹ ಉದ್ರೇಕ ಹೆಚ್ಚಿಸುವ ಚಟುವಟಿಕೆಗಳು ಅಷ್ಟಾಗಿ ಇಳಿಸುವುದಿಲ್ಲ. ಓಟ ಹೃದಯಕ್ಕೆ ಒಳ್ಳೆಯದು ಎಂಬುದು ಬೇರೆ ವಿಷಯ. ಹಾಗೆಂದು ನುಂಗಿಕೊಂಡು ಕೂರುವುದೂ ಪರಿಹಾರವಲ್ಲ, ಏಕೆಂದರೆ ಮುಖದಲ್ಲಿ ಕಾಣದ ಸಿಟ್ಟು ಒಳಗೆ ಹಾಗೆಯೇ ಇರುತ್ತದೆ. ದವಡೆ ಬಿಗಿಯುವುದು, ಕಿವಿ ಬಿಸಿಯಾಗುವುದು, ದನಿ ಏರುವುದು ಇವುಗಳಲ್ಲಿ ನಿಮಗೆ ಮೊದಲು ಬರುವ ಸೂಚನೆ ಯಾವುದೆಂದು ಗುರುತಿಸಿ, ಅದು ಕಂಡೊಡನೆ ‘ಸ್ವಲ್ಪ ಹೊತ್ತು ಬಿಟ್ಟು ಮಾತನಾಡೋಣ’ ಎಂದು ಹೇಳಿ ಎದ್ದುಹೋಗಿ. ಹೇಳದೆ ಎದ್ದುಹೋದರೆ ಅದೇ ಇನ್ನೊಂದು ಅವಮಾನವಾಗುತ್ತದೆ.

ಇನ್ನೊಬ್ಬರ ಉತ್ತರ: ನಿದ್ದೆಗೆಟ್ಟ ಮರುದಿನ ನನ್ನ ತಾಳ್ಮೆ ಅರ್ಧಕ್ಕಿಳಿಯುತ್ತದೆ. ಅಂತಹ ದಿನ ಕಠಿಣ ಚರ್ಚೆಗಳನ್ನು ಮುಂದೂಡುತ್ತೇನೆ.

ಮುಂಗೋಪಿ ತಂದೆಯೊಡನೆ ಬೆಳೆದವರ ಉತ್ತರ: ಬೈಸಿಕೊಂಡವರ ಕಡೆಯಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯವರ ಕೂಗಾಟಕ್ಕಿಂತ ಹೆಚ್ಚು ನೋಯಿಸುತ್ತಿದ್ದುದು, ಮರುದಿನ ಏನೂ ನಡೆದೇ ಇಲ್ಲವೆಂಬಂತೆ ಅವರು ಪ್ರೀತಿಯಿಂದ ಮಾತನಾಡಿಸುತ್ತಿದ್ದ ರೀತಿ. ಅವರ ಸಿಟ್ಟು ಮುಗಿದಿರುತ್ತಿತ್ತು, ನಮ್ಮ ಭಯ ಮುಗಿದಿರುತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ಒಂದು ದಿನ ಅವರು ನನ್ನನ್ನು ಕೂರಿಸಿಕೊಂಡು, ‘ಅಂದು ನಿನ್ನ ತಪ್ಪೇನೂ ಇರಲಿಲ್ಲ, ನಾನೇ ದುಡುಕಿದೆ’ ಎಂದರು. ಅವರ ಮೇಲೆ ನನಗಿದ್ದ ಗೌರವ ಅದರಿಂದ ಹೆಚ್ಚಿತು. ತಪ್ಪೊಪ್ಪಿಕೊಂಡರೆ ಗೌರವ ಕುಗ್ಗುತ್ತದೆ ಎಂದು ಅಹಂಕಾರ ಹೆದರುತ್ತದೆ, ಅದರ ಮಾತನ್ನು ಕೇಳಬೇಡಿ.

ನೀವೂ ಆ ಸಹೋದ್ಯೋಗಿಯ ಕ್ಷಮೆ ಕೇಳುವಾಗ ‘ಆದರೆ’ ಎಂಬ ಪದ ಬಾರದಂತೆ ನೋಡಿಕೊಳ್ಳಿ. ‘ನಿಮಗೆ ನೋವಾಗಿದ್ದರೆ’ ಎಂಬ ಷರತ್ತೂ ಬೇಡ. ಕ್ಷಮಾಪಣೆಯ ಅಂಶಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯವೆಂದೂ, ಅದನ್ನು ಸರಿಪಡಿಸಲು ಮುಂದಾಗುವುದು ಅದರ ನಂತರದ್ದೆಂದೂ, ‘ನನ್ನನ್ನು ಕ್ಷಮಿಸಿ’ ಎಂಬ ಕೋರಿಕೆ ಎಲ್ಲಕ್ಕಿಂತ ಕಡಿಮೆ ಪರಿಣಾಮಕಾರಿಯೆಂದೂ ಕಂಡುಬಂದಿತ್ತು. ನಿಮ್ಮ ವಿಷಯದಲ್ಲಿ ಸರಿಪಡಿಸುವುದೆಂದರೆ, ಮೊದಲು ಅವರೊಬ್ಬರನ್ನೇ ಕಂಡು ಮಾತನಾಡಿ, ಅವರಿಗೆ ಮುಜುಗರವಿಲ್ಲವೆಂದಾದರೆ ಮುಂದಿನ ಸಭೆಯಲ್ಲಿ ಅದೇ ಜನರ ಎದುರು, ಅವರು ತೋರಿಸಿದ ತಪ್ಪು ನಿಜವಾಗಿತ್ತು, ವರದಿಯನ್ನು ತಿದ್ದಿದ್ದೇನೆ ಎಂದು ಹೇಳುವುದು. ಅವರು ಕೂಡಲೇ ಮೊದಲಿನಂತಾಗದಿರಬಹುದು. ಅದಕ್ಕೆ ಬೇಸರಪಟ್ಟು ಮತ್ತೆ ಮತ್ತೆ ಕೇಳಿ ಅವರನ್ನು ಒತ್ತಾಯಿಸಬೇಡಿ. ಅವರು ಮುಂದೊಮ್ಮೆ ನಿಮ್ಮ ಮಾತನ್ನು ಅಲ್ಲಗಳೆಯುವಾಗ ನೀವು ಕೊನೆಯವರೆಗೂ ಕೇಳಿಸಿಕೊಳ್ಳುವಿರೋ ಇಲ್ಲವೋ ಎಂಬುದನ್ನು ಅವರು ಗಮನಿಸುತ್ತಿರುತ್ತಾರೆ.